ಹಂಗಿನ ಲೆಕ್ಕ: ಏಕಕಾಲದ ಪ್ಯಾಕೇಜ್ ನಿರ್ಮಾಣದ ವಿಕಾಸ

ಹಲವು ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಏಕಕಾಲದಲ್ಲಿ ಕಟ್ಟಿ ಸ್ಥಾಪಿಸುವ ಕಾರ್ಯವು ಹೊರನೋಟಕ್ಕೆ ವೇಗವೊಂದನ್ನೇ ಕುರಿತದ್ದೆಂದು ತೋರಿದರೂ, ಅದರ ಅರ್ಧ ಶತಮಾನದ ಚರಿತ್ರೆಯನ್ನು ಅವಲೋಕಿಸಿದವರಿಗೆ, ಯಾವುದು ಯಾವುದರ ಹಂಗಿನಲ್ಲಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಲೆಕ್ಕವಿಡುವುದೇ ಅದರ ಮೂಲ ಸಮಸ್ಯೆಯೆಂಬುದು ವಿದಿತವಾಗುತ್ತದೆ. ಲೆಕ್ಕ ತಪ್ಪಿದೆಡೆಯಲ್ಲಿ ಒಂದು ಕೆಲಸವು ಅರ್ಧ ಬರೆದಿಟ್ಟ ಫೈಲನ್ನು ಇನ್ನೊಂದು ಪೂರ್ಣವೆಂದೇ ಬಗೆದು ಓದುವುದು. ಒಂದು ಇಟ್ಟುದರ ಮೇಲೆ ಮತ್ತೊಂದು ತನ್ನದನ್ನು ಹೇರುವುದು. ಇಂಥ ಪ್ರಮಾದಗಳು ಯಾವಾಗಲೋ ಒಮ್ಮೆ ತಲೆದೋರಿ ಮರೆಯಾಗುವುದರಿಂದ ಅವುಗಳ ಮೂಲವನ್ನು ಹಿಡಿಯುವುದೂ ಸುಲಭವಲ್ಲ.

ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ರಚಿಸಿದ ‘ಮೇಕ್’ ಎಂಬ ಉಪಕರಣದಿಂದ ಈ ಲೆಕ್ಕಕ್ಕೊಂದು ಲಿಖಿತರೂಪವು ದೊರೆಯಿತು. ಬದಲಾದ ಭಾಗಗಳನ್ನು ಮಾತ್ರ ಮತ್ತೆ ಕಟ್ಟಿ ಶ್ರಮವನ್ನು ಉಳಿಸುವುದು ಅದರ ಉದ್ದೇಶವಾಗಿದ್ದಿತಾದರೂ, ಯಾವ ಫೈಲಿಗೆ ಯಾವುದರ ಆಶ್ರಯವೆಂಬುದನ್ನು ಬರೆದಿಟ್ಟೊಡನೆ, ಯಾವುದಕ್ಕೆ ಯಾವುದರ ಹಂಗೂ ಇಲ್ಲವೆಂಬುದು ತಾನಾಗಿಯೇ ಗೊತ್ತಾಗುವುದಷ್ಟೆ. ಹಂಗಿಲ್ಲದವುಗಳನ್ನು ಜೊತೆಜೊತೆಯಾಗಿ ನಡೆಸಲು ಅಡ್ಡಿಯೇನು? ಈ ತರ್ಕದಿಂದ ಹುಟ್ಟಿದ ಸಮಾಂತರ ನಿರ್ಮಾಣವು ಗ್ನೂ ಮೇಕ್‌ನ ‘-ಜೆ’ ಎಂಬ ಸೂಚನೆಯ ರೂಪದಲ್ಲಿ ಬಹುವಾಗಿ ಪ್ರಚಾರಕ್ಕೆ ಬಂದಿತು. ಆದರೆ ಅದು ಒಂದು ಹಳೆಯ ದೋಷವನ್ನೂ ಬಯಲಿಗೆಳೆಯಿತು: ಬರೆಯದೆ ಬಿಟ್ಟಿದ್ದ ಹಂಗುಗಳು ಒಂದಾದ ಮೇಲೊಂದು ನಡೆಯುವ ಸರದಿಯ ಕೃಪೆಯಿಂದ ಅದುವರೆಗೆ ಹೇಗೋ ತೀರುತ್ತಿದ್ದುವು, ಸರದಿ ಮುರಿದಾಗ ನಿರ್ಮಾಣವೂ ಮುರಿಯಿತು.

ದೊಡ್ಡ ಯೋಜನೆಗಳಲ್ಲಿ ಒಂದು ಮೇಕ್ ತನ್ನ ಉಪಡೈರೆಕ್ಟರಿಗಳಲ್ಲಿ ಬೇರೆ ಬೇರೆ ಮೇಕ್‌ಗಳನ್ನು ನಡೆಸುವ ವಾಡಿಕೆಯುಂಟು. ಇದರಿಂದ ಲೆಕ್ಕವು ತುಂಡುತುಂಡಾಗಿ, ಸಮಗ್ರ ಚಿತ್ರವು ಯಾರಿಗೂ ಕಾಣದೆ ಹೋಗುವುದೆಂದು ಪೀಟರ್ ಮಿಲ್ಲರ್ ಅವರು 1998ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಮರುವರ್ಷ ಗ್ನೂ ಮೇಕ್‌ನಲ್ಲಿ ಬಂದ ‘ಜಾಬ್‌ಸರ್ವರ್’ ಇನ್ನೊಂದು ತೊಡಕನ್ನು ಬಿಡಿಸಿತು: ಮೇಕ್‌ಗಳೆಲ್ಲವೂ ಒಂದೇ ಪೈಪಿನಿಂದ ಟೋಕನ್ ಪಡೆದು, ಕೆಲಸ ಮುಗಿದೊಡನೆ ಹಿಂದಿರುಗಿಸುವ ಕಾರಣ, ಏಕಕಾಲದ ಕೆಲಸಗಳ ಸಂಖ್ಯೆಯು ಗೊತ್ತುಮಾಡಿದ ಮಿತಿಯನ್ನು ಮೀರದು.

ಸ್ಥಾಪನೆಯ ಕಥೆ ಬೇರೆ. 1993ರಲ್ಲಿ ಆರಂಭವಾದ ಡೆಬಿಯನ್ ವ್ಯವಸ್ಥೆಯಲ್ಲಿ ಪ್ಯಾಕೇಜುಗಳೆಲ್ಲವೂ ತಮ್ಮ ಫೈಲುಗಳನ್ನು ಎಲ್ಲಕ್ಕೂ ಸಾಮಾನ್ಯವಾದ ಡೈರೆಕ್ಟರಿಗಳಲ್ಲಿಯೇ ಇರಿಸಿ, ಒಂದೇ ದಾಖಲೆಯಲ್ಲಿ ನಮೂದಾಗಬೇಕಾಗಿರುವುದರಿಂದ, ಅದರ ಸ್ಥಾಪನಾ ಉಪಕರಣವಾದ ‘ಡಿಪಿಕೆಜಿ’ಯು ಒಂದು ಲಾಕ್ ಫೈಲನ್ನು ಹಿಡಿದೇ ಕೆಲಸಕ್ಕೆ ತೊಡಗುತ್ತದೆ; ಆಗ ಬಂದ ಇನ್ನೊಂದಕ್ಕೆ ಪ್ರವೇಶವಿಲ್ಲ. ಕ್ಷೇಮವೇನೋ ದೊರೆಯಿತು; ಊರಿಗೆಲ್ಲ ಒಂದೇ ಬಾಗಿಲು, ಒಂದೇ ಬೀಗ ಎಂಬಂತಾಯಿತು.

ಬೀಗವನ್ನು ಬಲಪಡಿಸದೆ ಬಾಗಿಲುಗಳನ್ನೇ ಹೆಚ್ಚಿಸಿದವರು ನೆದರ್ಲೆಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾನಿಲಯದ ಏಲ್ಕೊ ಡೋಲ್‌ಸ್ಟ್ರಾ ಅವರು. 2006ರ ಅವರ ಪಿಎಚ್.ಡಿ. ಪ್ರಬಂಧದಲ್ಲಿ ವಿಶದವಾಗಿ ನಿರೂಪಿತವಾದ ‘ನಿಕ್ಸ್’ ಪದ್ಧತಿಯಲ್ಲಿ, ಒಂದು ಪ್ಯಾಕೇಜಿನ ಮೂಲಸಂಹಿತೆ, ಕಂಪೈಲರು, ಆಶ್ರಯಗಳು ಇವೆಲ್ಲವನ್ನೂ ಕೂಡಿಸಿ ಗಣಿಸಿದ 32 ಅಕ್ಷರಗಳ ಹ್ಯಾಶ್ ಅದರ ಡೈರೆಕ್ಟರಿಯ ಹೆಸರಿನಲ್ಲಿ ಸೇರುತ್ತದೆ. ಹಂಗು ಬದಲಾದರೆ ಹೆಸರೂ ಬದಲಾಗುವುದರಿಂದ ಎರಡು ಆವೃತ್ತಿಗಳು ಒಂದರ ಜಾಗವನ್ನು ಇನ್ನೊಂದು ಆಕ್ರಮಿಸವು. ಒಂದೇ ಹೆಸರಿಗೆ ಇಬ್ಬರು ಕೈಹಾಕಿದರೆ, ಎರಡನೆಯವನು ಕಾದು, ಸಿದ್ಧವಾದುದನ್ನೇ ಬಳಸುವನು. ಹೊಸತಕ್ಕೆ ಬದಲಾಯಿಸುವುದೋ, ಒಂದು ಸಾಂಕೇತಿಕ ಕೊಂಡಿಯನ್ನು ಕ್ಷಣಮಾತ್ರದಲ್ಲಿ ತಿರುಗಿಸುವುದರಲ್ಲಿ ಮುಗಿಯುತ್ತದೆ. ‘ಗಿಕ್ಸ್’ ಎಂಬ ಇನ್ನೊಂದು ಪ್ಯಾಕೇಜ್ ವ್ಯವಸ್ಥೆಯೂ 2012ರಲ್ಲಿ ಈ ದಾರಿಯನ್ನೇ ಹಿಡಿಯಿತು.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಟಾಡ್ ಗ್ಯಾಂಬ್ಲಿನ್ ಅವರು 2013ರಲ್ಲಿ ಆರಂಭಿಸಿದ ‘ಸ್ಪ್ಯಾಕ್’ ಎರಡು ಮಾರ್ಗಗಳನ್ನೂ ಬೆಸೆಯಿತು. ಇಲ್ಲಿಯೂ ಹ್ಯಾಶ್ ಹೊತ್ತ ಪ್ರತ್ಯೇಕ ನೆಲೆಯುಂಟು. ಕಟ್ಟುವ ಪ್ಯಾಕೇಜಿಗೆ ಏಕಸ್ವಾಮ್ಯದ ಲಾಕ್, ಅದರ ಆಶ್ರಯಗಳಿಗೆ ಓದುಗರೆಲ್ಲರೂ ಹಂಚಿಕೊಳ್ಳಬಹುದಾದ ಲಾಕ್. 2020ರ ಆವೃತ್ತಿಯಿಂದೀಚೆಗೆ, ಸೂಪರ್‌ಕಂಪ್ಯೂಟರಿನ ಬೇರೆ ಬೇರೆ ನೋಡ್‌ಗಳಲ್ಲಿ ಓಡುವ ಸ್ಪ್ಯಾಕ್‌ಗಳು ಒಂದೇ ಪಟ್ಟಿಯನ್ನು ಹಿಡಿದು, ಬೀಗ ಸಿಗದ ಪ್ಯಾಕೇಜನ್ನು ಬಿಟ್ಟು ಬೇರೊಂದಕ್ಕೆ ತೊಡಗಬಲ್ಲವು. ಆದರೆ ಹಂಚಿಕೆಯ ಫೈಲ್ ವ್ಯವಸ್ಥೆಯು ಲಾಕ್‌ಗಳನ್ನು ಸರಿಯಾಗಿ ಪಾಲಿಸದಿದ್ದರೆ ಈ ಏರ್ಪಾಡೆಲ್ಲವೂ ವ್ಯರ್ಥ.

ಹೀಗೆ ಊರಬಾಗಿಲಿನ ಬೀಗವು ಕೋಣೆಯ ಅಗುಳಿಯಾಗಿ ಕಿರಿದಾಯಿತೇ ಹೊರತು ಇಲ್ಲವಾಗಲಿಲ್ಲ. ಹ್ಯಾಶ್‌ಗಾದರೂ ಹೇಳಿದ ಹಂಗುಗಳು ಮಾತ್ರ ಗೊತ್ತು. ಹೇಳದುದನ್ನು ಅದು ಎಣಿಸದು. ಆದಕಾರಣವೇ ನಿಕ್ಸ್, ಪಟ್ಟಿಯಲ್ಲಿರುವುದರ ಹೊರತು ಬೇರೇನೂ ಕಣ್ಣಿಗೆ ಬೀಳದಂತೆ ಗೋಡೆ ಕಟ್ಟಿ, ಅದರೊಳಗೆ ನಿರ್ಮಾಣ ನಡೆಸುತ್ತದೆ. ಬರೆಯಲು ಮರೆತ ಹಂಗು ಅಲ್ಲಿ ಸರದಿಯ ಮರೆಯಲ್ಲಿ ಬದುಕಲಾರದು; ನಿರ್ಮಾಣವು ಮೊದಲ ಸಲವೇ ನಿಂತು, ಲೆಕ್ಕ ಸರಿಪಡಿಸೆಂದು ಕೇಳುತ್ತದೆ.