ಹುಗ್ಗಿಯ ದಾಯಾದಿಗಳು

ಯಲಬುರ್ಗಾ, ಕುಷ್ಟಗಿಗಳ ಕಡೆ ಹುಗ್ಗಿಯೆಂದರೆ ಗೋಧಿಯ ಹುಗ್ಗಿಯೇ. ನೀರು ಚಿಮುಕಿಸಿದ ಗೋಧಿಯನ್ನು ಒರಳಿನಲ್ಲಿ ತಳಿಸಿ, ಮೊರದಲ್ಲಿ ಕೇರಿ, ತೌಡು ಕಳೆದ ಇಡಿಯ ಕಾಳನ್ನು ಅರಳುವವರೆಗೆ ಬೇಯಿಸಿ, ಬೆಲ್ಲ ಬೆರೆಸಿ, ಗಸಗಸೆ, ಕೊಬ್ಬರಿ, ಏಲಕ್ಕಿಗಳಿಂದ ಸಂಸ್ಕರಿಸಿ, ಮೇಲೆ ತುಪ್ಪವನ್ನು ಧಾರಾಳವಾಗಿ ಸುರಿದು ಬಡಿಸುವ ಈ ಮಧುರಾನ್ನವನ್ನುಂಡು ಬೆಳೆದವನಿಗೆ, ಮೈಸೂರು ಸೀಮೆಯವರು ಧನುರ್ಮಾಸದ ಪ್ರಾತಃಕಾಲದಲ್ಲಿ ದೇವರಿಗೆ ನಿವೇದಿಸುವ, ಹೆಸರುಬೇಳೆ ಮೆಣಸು ಜೀರಿಗೆಗಳು ಕೂಡಿದ ಖಾರದ ಅನ್ನವೂ ಹುಗ್ಗಿಯೇ ಎಂದು ತಿಳಿದಾಗ ವಿಸ್ಮಯವಾಗದಿರದು. ರುಚಿ ಬೇರೆ, ಧಾನ್ಯವೂ ಬೇರೆ. ಹಾಗಾದರೆ ಹೆಸರು ಹಿಡಿದಿರುವುದು ಏನನ್ನು?

ಕುದಿತವನ್ನು. ‘ಪುರ್ಬು’ ಹುಬ್ಬಾದ ಕ್ರಮದಲ್ಲಿಯೇ ಹಳೆಯ ‘ಪುರ್ಗಿ’ ಹುಗ್ಗಿಯಾಯಿತು. ಬೇಯಿಸುವುದನ್ನು ಹೇಳುವ ತಮಿಳಿನ ‘ಪುೞುಕ್ಕು’, ಕುಸುಬಲಕ್ಕಿಗೆ ಅವರಿಟ್ಟ ‘ಪುೞುಂಗಲ್’, ಅಕ್ಕಿ ಹೆಸರುಬೇಳೆಗಳನ್ನು ಕೂಡಿಸಿ ಮಾಡುವ ತೆಲುಗರ ‘ಪುಲಗಂ’, ಇವೆಲ್ಲ ಅದರ ದಾಯಾದಿಗಳು. 1953ರಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಬಿಟ್ಟ ತರುವಾಯ ಆ ನೀರನ್ನರಸಿ ಆಂಧ್ರದ ಕರಾವಳಿಯಿಂದ ಬಂದು, ಗಂಗಾವತಿಯ ಸುತ್ತ ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ಭತ್ತ ಬೆಳೆದ ರೈತರು ಈ ಪುಲಗವನ್ನಾಡುವವರೇ ಆದುದರಿಂದ, ಎಂದೋ ಅಗಲಿದ್ದ ಎರಡು ಪದಗಳು ಒಂದೇ ಕಾಲುವೆಯ ದಡದಲ್ಲಿ, ಪರಸ್ಪರ ಗುರುತು ಹತ್ತದೆ, ನೆರೆಮನೆಯವರಾಗಿ ಬಾಳುತ್ತಿವೆಯೆನ್ನಬೇಕು.

ನಮ್ಮ ಗೋಧಿಯ ಹುಗ್ಗಿಯಂತೆ ದೂರದ ಮೆಕ್ಸಿಕೋ ದೇಶದವರ ‘ಪೊಸೋಲೆ’ಯೂ ಇಡಿಯ ಕಾಳಿನ ಅಡುಗೆಯೇ; ಅಲ್ಲಿ ಒನಕೆಯ ಕೆಲಸವನ್ನು ಸುಣ್ಣದ ನೀರು ಮಾಡುತ್ತದೆ. ಅದರಲ್ಲಿ ಬೆಂದು ನೆನೆದು ಸಿಪ್ಪೆ ಕಳಚಿದ ಗೋವಿನಜೋಳವನ್ನು ತೊಳೆದು, ಮಾಂಸದೊಡನೆ ತಾಸುಗಟ್ಟಲೆ ಕುದಿಸಿದರೆ ಕಾಳು ನೊರೆಯಂತೆ ಬಿರಿದುಕೊಳ್ಳುತ್ತದೆ. ಆಸ್ಟೆಕರ ನಾವಾತ್ಲ್ ಭಾಷೆಯ ‘ಪೊಸೊಲ್ಲಿ’ ಎಂಬ ಮೂಲಪದದಲ್ಲಿರುವುದೂ ಈ ನೊರೆಯೇ, ಈ ಕುದಿತವೇ. ಆದಿಯ ಪಕಾರವನ್ನು ಕಂಡು ‘ಪುರ್ಗಿ’, ‘ಪೊಸೊಲ್ಲಿ’ಗಳೆರಡಕ್ಕೂ ನಂಟು ಬೆಸೆಯಲು ಹೊರಡುವ ಉತ್ಸಾಹಿಗಳು ನಮ್ಮಲ್ಲಿ ಇಲ್ಲದಿಲ್ಲ. ಅದು ಕೇವಲ ಆಕಸ್ಮಿಕ. ಧಾನ್ಯವನ್ನು ನೋಡದೆ ಮಡಕೆಯೊಳಗಿನ ವ್ಯಾಪಾರವನ್ನು ನೋಡಿ ಹೆಸರಿಟ್ಟುದರಲ್ಲಿ ಮಾತ್ರ ಎರಡು ಜನಾಂಗಗಳೂ ಒಂದೇ ಬುದ್ಧಿಯನ್ನು ತೋರಿದುವು. ನಮ್ಮ ಪದ ಅಕ್ಕಿಯಿಂದ ಗೋಧಿಗೆ, ಖಾರದಿಂದ ಸಿಹಿಗೆ ನಿರಾತಂಕವಾಗಿ ಸಂಚರಿಸಿದುದು ಅದರಿಂದಲೇ.

ಮೆಕ್ಸಿಕೋದವರು ದೇವತೆಯೆಂದು ಪೂಜಿಸಿದ ಆ ಜೋಳ ಇಂದು ಕೊಪ್ಪಳದ ಹೊಲಗಳಲ್ಲಿ ಹೇರಳವಾಗಿ ಬೆಳೆದು, ಬಹುಪಾಲು ಕೋಳಿಗಳ ಮೇವಾಗಿ ಸಾಗುತ್ತದೆ. ಗೋವಿನದೆಂದು ಹೆಸರಿಟ್ಟ ಮೇಲೆ ಅದನ್ನು ಹಬ್ಬದ ಹುಗ್ಗಿಗೆ ಇಳಿಸುವ ಮನಸ್ಸು ನಮ್ಮ ಗೃಹಿಣಿಯರಿಗೆ ಬಂದುದನ್ನು ನಾನು ಕಾಣೆ. ಹುಗ್ಗಿಯೆಂಬ ಪದದ ಕಡೆಯಿಂದಂತೂ ಆಕ್ಷೇಪವಿರಲಾರದು.