ಯಾಮಕ್ಕೊಂದು ಆಟ: ಗಡಿನಾಡಿನ ಶಿವರಾತ್ರಿ ಜಾಗರಣೆ ಮತ್ತು ಟೆಂಟ್ ಸಿನಿಮಾ

ಕನ್ನಡದಲ್ಲಿ ‘ಆಟ’ ಎಂಬ ಪದಕ್ಕೆ ಇರುವ ಹರವು ದೊಡ್ಡದು. ಮಕ್ಕಳು ಆಡುವುದು ಆಟ, ದೇವಸ್ಥಾನದ ಮುಂದಿನ ಬಯಲಿನಲ್ಲಿ ವೇಷ ಕಟ್ಟಿ ಕುಣಿಯುವುದು ಬಯಲಾಟ, ಬಿಳಿ ಪರದೆಯ ಹಿಂದೆ ತೊಗಲಿನ ಚಿತ್ರಗಳನ್ನು ಕುಣಿಸುವುದು ಗೊಂಬೆಯಾಟ. ಸಿನಿಮಾ ಬಂದಾಗ ನಮ್ಮ ಜನ ಅದಕ್ಕೂ ಹೊಸ ಪದವನ್ನು ಹುಡುಕಲಿಲ್ಲ. ಮೊದಲನೇ ಆಟ, ಎರಡನೇ ಆಟ ಎಂದೇ ಕರೆದರು. ರಾಯದುರ್ಗ, ಮಡಕಶಿರಾ, ಆದೋನಿ ಸೀಮೆಯಲ್ಲಿ ಬೆಳೆದ ನಮಗೆ ಈ ಪದದ ಮಹತ್ವ ತಿಳಿಯುತ್ತಿದ್ದುದು ವರ್ಷಕ್ಕೊಂದು ರಾತ್ರಿ, ಶಿವರಾತ್ರಿಯ ರಾತ್ರಿ. ಅಂದು ಎರಡನೇ ಆಟ ಮುಗಿದ ಮೇಲೂ ಜನ ಏಳುತ್ತಿರಲಿಲ್ಲ. ಮೂರನೆಯದೂ ಇರುತ್ತಿತ್ತು, ಕೆಲವು ಕಡೆ ನಾಲ್ಕನೆಯದೂ. ಆ ರಾತ್ರಿಗಳ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಕಂಡವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ಸ್ವಲ್ಪ ದಾಖಲಿಸುವುದು ಈ ಬರಹದ ಉದ್ದೇಶ.

ಮೊದಲು ನೆಲದ ವಿಚಾರ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶದಲ್ಲಿ ಇಂದಿನ ಬಳ್ಳಾರಿಯೂ ಇತ್ತು, ಅನಂತಪುರವೂ ಇತ್ತು. ಬಿಟ್ಟುಕೊಟ್ಟ ಸೀಮೆ ಎಂಬ ಅರ್ಥದಲ್ಲಿ ಅದಕ್ಕೆ ‘ಸೀಡೆಡ್’ ಜಿಲ್ಲೆಗಳೆಂಬ ಹೆಸರು ಬಂತು. ಆಡಳಿತದ ಕಾಗದಗಳಿಂದ ಆ ಹೆಸರು ಮರೆಯಾಗಿ ಎಷ್ಟೋ ಕಾಲವಾದರೂ ತೆಲುಗು ಸಿನಿಮಾ ವ್ಯಾಪಾರಿಗಳ ಬಾಯಲ್ಲಿ ರಾಯಲಸೀಮೆಯ ಹಂಚಿಕೆ ವಲಯ ಇಂದಿಗೂ ‘ಸೀಡೆಡ್’ ಆಗಿಯೇ ಉಳಿದಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಮಡಕಶಿರಾ ಅದಕ್ಕೆ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು. ನಕ್ಷೆಯ ಗೆರೆ ಒಂದು ದಿನದಲ್ಲಿ ಬದಲಾಯಿತು. ರಾತ್ರಿ ನಿದ್ದೆಗೆಟ್ಟು ಆಟ ನೋಡುವ ಅಭ್ಯಾಸ ಮಾತ್ರ ಗೆರೆಯ ಎರಡೂ ಬದಿಯಲ್ಲಿ ಹಾಗೆಯೇ ಉಳಿಯಿತು.

ಆ ಅಭ್ಯಾಸ ಸಿನಿಮಾ ಕಲಿಸಿದ್ದಲ್ಲ. ಬಳ್ಳಾರಿ ಸೀಮೆಯ ಬಯಲಾಟ ಊಟದ ಹೊತ್ತು ಮೀರಿದ ಮೇಲೆ ಆರಂಭವಾಗಿ ಬೆಳಗಿನವರೆಗೆ ನಡೆಯುತ್ತಿತ್ತು. ಕಾಸರಗೋಡಿನ ಬಂಧುಗಳನ್ನು ಕೇಳಿದರೆ, ಪಾರ್ತಿಸುಬ್ಬನ ಕುಂಬಳೆ ಸೀಮೆಯ ಯಕ್ಷಗಾನದ ಬಗ್ಗೆ ಇದೇ ಮಾತನ್ನು ಇನ್ನಷ್ಟು ಅಭಿಮಾನದಿಂದ ಹೇಳುತ್ತಾರೆ. ಅಲ್ಲಿ ಪ್ರೇಕ್ಷಕರ ಕಣ್ಣು ಎಳೆಯುವ ನಡುರಾತ್ರಿಯ ಹೊತ್ತಿಗೆ ಸರಿಯಾಗಿ ಬಣ್ಣದ ವೇಷ ಅಬ್ಬರಿಸುತ್ತ ಪ್ರವೇಶಿಸುತ್ತದೆ. ದೀವಟಿಗೆಯ ಬೆಳಕು, ಚೆಂಡೆಯ ಪೆಟ್ಟು, ರಕ್ಕಸನ ಆರ್ಭಟ ಸೇರಿ ಮಲಗಿದವರನ್ನು ಎಬ್ಬಿಸಿ ಕೂರಿಸುತ್ತವೆ. ನಮ್ಮ ಕಡೆ ಆ ಕೆಲಸವನ್ನು ಮಾಡುತ್ತಿದ್ದವರು ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ರಾಮ–ರಾವಣರ ಕಥೆ ಗಂಭೀರವಾಗಿ ಸಾಗುತ್ತಿರುವಾಗ ಇದ್ದಕ್ಕಿದ್ದಂತೆ ಈ ಜೋಡಿ ಪರದೆಯ ಮೇಲೆ ಬಂದು ಜಗಳವಾಡುತ್ತಿತ್ತು. ಅವರ ಮಾತು ಊರಿನ ಮಾತು, ಅವರ ಹಾಸ್ಯ ಕೆಲವೊಮ್ಮೆ ಹಿರಿಯರು ಮುಖ ತಿರುಗಿಸುವಂಥದು. ಆದರೆ ನಗು ಎದ್ದ ಮೇಲೆ ನಿದ್ದೆ ಉಳಿಯುವುದೆಲ್ಲಿ?

ಇನ್ನೊಂದು ಸಂಗತಿಯನ್ನು ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸಬೇಕು. ಧರ್ಮಾವರದ ಬಳಿಯ ನಿಮ್ಮಲಕುಂಟ ತೊಗಲುಗೊಂಬೆ ಕಲಾವಿದರ ಊರು; ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಈ ಕಲಾವಿದ ಕುಟುಂಬಗಳ ಮನೆಮಾತು ಮರಾಠಿಯ ಒಂದು ಬಗೆ. ಆಟದ ಮಾತು ತೆಲುಗು. ಗೆರೆಯ ಈಚೆಯ ಕಿಳ್ಳೇಕ್ಯಾತರ ಮನೆಯಲ್ಲೂ ಮರಾಠಿ ಬೆರೆತ ನುಡಿ, ಪರದೆಯ ಹಿಂದೆ ಕನ್ನಡ. ಒಂದು ಭಾಷೆಯಲ್ಲಿ ಬದುಕಿ ಇನ್ನೊಂದರಲ್ಲಿ ಆಡುವುದು ನಮ್ಮ ಸೀಮೆಗೆ ಹೊಸತಲ್ಲ.

ಬಿಳಿ ಬಟ್ಟೆ, ಹಿಂದೆ ದೀಪ, ಮುಂದೆ ನೆಲದ ಮೇಲೆ ಜನ. ಇಷ್ಟಕ್ಕೆ ಒಗ್ಗಿದ್ದ ಊರುಗಳಿಗೆ ಟೆಂಟ್ ಸಿನಿಮಾ ಪರಕೀಯವೆನಿಸಲಿಲ್ಲ. ದಕ್ಷಿಣದಲ್ಲಿ ಅದಕ್ಕೆ ದಾರಿ ತೋರಿದವರಲ್ಲಿ ಮೊದಲಿಗರು ತಿರುಚ್ಚಿಯ ರೈಲ್ವೆ ಕಚೇರಿಯ ನೌಕರರಾಗಿದ್ದ ಸ್ವಾಮಿಕಣ್ಣು ವಿನ್ಸೆಂಟ್. 1905ರಲ್ಲಿ ಅವರು ಫ್ರೆಂಚ್ ಪ್ರದರ್ಶಕನೊಬ್ಬನಿಂದ ಯಂತ್ರವನ್ನು ಕೊಂಡು ಊರೂರು ತಿರುಗಿದರು; ಬಳಿಕ ಕೊಯಮತ್ತೂರಿನಲ್ಲಿ ಕಾಯಂ ಚಿತ್ರಮಂದಿರವನ್ನು ಕಟ್ಟಿದರು. ಮೂಕಿಚಿತ್ರಗಳ ಕಾಲದಲ್ಲಿ ಭಾಷೆಯ ಪ್ರಶ್ನೆ ಇರಲಿಲ್ಲ. 1934ರ ಮಾರ್ಚ್ 3ರಂದು ‘ಸತಿ ಸುಲೋಚನ’ ತೆರೆಕಂಡು ಕನ್ನಡಕ್ಕೆ ಮಾತು ಬಂತು. ಆ ಮೊದಲ ಕನ್ನಡ ವಾಕ್ಚಿತ್ರವನ್ನು ತಯಾರಿಸಿದ್ದು ಕರ್ನಾಟಕದ ಹೊರಗೆ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎಂಬುದನ್ನು ನಮ್ಮ ಸೋಲಾಪುರ, ಜತ್ತ ಕಡೆಯ ಬಂಧುಗಳು ಹೆಮ್ಮೆಯಿಂದ ನೆನೆಯಬಹುದು. ಮಾತು ಬಂದ ಮೇಲೆ ಯಾರ ಮಾತು ಎಂಬ ಪ್ರಶ್ನೆಯೂ ಬಂತು.

ಟೆಂಟಿನ ವ್ಯವಸ್ಥೆ ಸರಳವಾದದ್ದು. ಪರವಾನಗಿ ತಾತ್ಕಾಲಿಕ, ಅವಧಿ ಮುಗಿದರೆ ಡೇರೆ ಕಿತ್ತು ಮುಂದಿನ ಊರಿಗೆ ಹೋಗಬೇಕು. ಹಗಲು ಬೆಳಕು ಒಳಗೆ ನುಗ್ಗುವುದರಿಂದ ಕತ್ತಲಾದ ಮೇಲೆಯೇ ಆಟ, ದಿನಕ್ಕೆ ಎರಡು. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ. ಲೌಡ್‌ಸ್ಪೀಕರಿನಲ್ಲಿ ಘಂಟಸಾಲರ ಕಂಠದಿಂದ ವೆಂಕಟೇಶ್ವರನ ಸ್ತುತಿ ಕೇಳಿಸಿತೆಂದರೆ ಸುತ್ತಲ ಹಳ್ಳಿಯ ಗಾಡಿಗಳು ಬೇಗ ಬೇಗನೆ ಸಾಗುತ್ತಿದ್ದವು. ಶಿವರಾತ್ರಿಯಂದು ಮಾತ್ರ ಈ ಲೆಕ್ಕ ಬದಲಾಗುತ್ತಿತ್ತು.

ಮಾಘ ಬಹುಳ ಚತುರ್ದಶಿಯ ರಾತ್ರಿಯನ್ನು ಶಾಸ್ತ್ರವು ನಾಲ್ಕು ಯಾಮಗಳಾಗಿ ವಿಂಗಡಿಸಿ ಯಾಮಕ್ಕೊಂದು ಪೂಜೆಯನ್ನು ವಿಧಿಸುತ್ತದೆ. ಒಂದು ಯಾಮವೆಂದರೆ ಸುಮಾರು 3 ಗಂಟೆ. ಸಿನಿಮಾ ರೀಲು ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. 15,000 ಅಡಿಯ ಒಂದು ಪೌರಾಣಿಕ ಚಿತ್ರಕ್ಕೆ ಹೆಚ್ಚುಕಡಿಮೆ 2 ಗಂಟೆ 46 ನಿಮಿಷ ಬೇಕು. ವಿರಾಮ ಸೇರಿದರೆ ಒಂದು ಯಾಮ ತುಂಬಿತು! ಯಾರೂ ಯೋಜಿಸದೆ ಶಾಸ್ತ್ರದ ಅಳತೆಯೂ ಚಿತ್ರದ ಅಳತೆಯೂ ಹೊಂದಿಕೊಂಡಿದ್ದವು. ಎರಡು ಯಂತ್ರಗಳಿದ್ದ ಚಿತ್ರಮಂದಿರದಲ್ಲಿ ಸಂಜೆ ಬೇಗ ಆರಂಭಿಸಿದರೆ ನಾಲ್ಕು ಚಿತ್ರಗಳನ್ನು ಮುಗಿಸಬಹುದಿತ್ತು, ಎಂದರೆ ಒಂದೇ ರಾತ್ರಿಯಲ್ಲಿ 18 ಕಿಲೋಮೀಟರ್ ಉದ್ದದ ರೀಲು. ಒಂದೇ ಯಂತ್ರದ ಟೆಂಟಿನಲ್ಲಿ ರೀಲು ಬದಲಿಸುವಾಗಲೆಲ್ಲ ನಿಲ್ಲಿಸಬೇಕಾದ್ದರಿಂದ ಮೂರೇ ಗಟ್ಟಿ.

ಯಾವ ಚಿತ್ರಗಳು? ಶಿವನ ಕಥೆಯಾದರೆ ಎಲ್ಲರಿಗೂ ಒಪ್ಪಿಗೆ. ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂತು. ಅದರಿಂದಲೇ ರಾಜಕುಮಾರ್ ನಾಯಕನಟರಾದರು. ಅದೇ ಕಥೆ ಅದೇ ವರ್ಷ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಲುಗಿನಲ್ಲೂ ಬಂತು. ಅಲ್ಲಿಯೂ ಕಣ್ಣಪ್ಪ ರಾಜಕುಮಾರ್ ಅವರೇ. ಅವರು ನಾಯಕರಾಗಿ ನಟಿಸಿದ ತೆಲುಗು ಚಿತ್ರ ಅದೊಂದೇ. 1958ರ ‘ಭೂಕೈಲಾಸ’ವೂ ಎರಡು ಭಾಷೆಗಳಲ್ಲಿ ತಯಾರಾಯಿತು. ಕನ್ನಡದ ರಾವಣ ರಾಜಕುಮಾರ್, ತೆಲುಗಿನ ರಾವಣ ಎನ್.ಟಿ. ರಾಮರಾವ್. ಯಾವ ರಾವಣನ ಗತ್ತು ಹೆಚ್ಚು ಎಂಬ ಚರ್ಚೆ ನಮ್ಮ ಅರಳಿಕಟ್ಟೆಗಳಲ್ಲಿ ವರ್ಷಗಟ್ಟಲೆ ನಡೆದಿದೆ. ಎರಡನ್ನೂ ನೋಡಿ, ಎರಡೂ ಭಾಷೆ ತಿಳಿದು ಹೀಗೆ ವಾದಿಸುವ ಭಾಗ್ಯ ಬೆಂಗಳೂರಿನವರಿಗೂ ವಿಜಯವಾಡದವರಿಗೂ ಅಷ್ಟು ಸುಲಭವಾಗಿ ದಕ್ಕುವಂಥದಲ್ಲ.

ಆದರೆ ಆಟಗಳ ಅನುಕ್ರಮದಲ್ಲಿ ಒಂದು ನೋವಿತ್ತು. ತೆಲುಗು ಚಿತ್ರದ ಪ್ರತಿ ನಮ್ಮ ವಲಯದಲ್ಲೇ ಸುಲಭವಾಗಿ ಸಿಗುತ್ತಿತ್ತು. ಕನ್ನಡದ ಪ್ರತಿಯನ್ನು ಗಡಿಯಾಚೆಯಿಂದ ತರಿಸಬೇಕು. ಹೊಸ ಚಿತ್ರದಿಂದ ಮೊದಲ ಆಟಕ್ಕೆ ಜನ ತುಂಬುವರು ಎಂಬುದು ಮಾಲೀಕನ ಲೆಕ್ಕ, ಅದರಲ್ಲಿ ತಪ್ಪೇನಿಲ್ಲ. ಹೀಗಾಗಿ ನಮ್ಮ ನೆನಪಿನ ಶಿವರಾತ್ರಿಗಳಲ್ಲಿ ಕನ್ನಡ ಚಿತ್ರ ಬಂದರೆ ಅದು ಕೊನೆಯ ಆಟಕ್ಕೆ ಬರುತ್ತಿತ್ತು. ಎಷ್ಟೋ ಊರು ಸುತ್ತಿ ಗೀರುಬಿದ್ದ, ಮಳೆ ಸುರಿದಂತೆ ಕಾಣುವ ಪ್ರತಿ. ಬೆಳಗಿನ ಜಾವ ಮೂರರಿಂದ ಐದರವರೆಗೆ ದೇಹದ ಬಿಸಿ ತಗ್ಗಿ ನಿದ್ದೆಯ ಸೆಳೆತ ಅತ್ಯಂತ ಬಲವಾಗಿರುವ ಹೊತ್ತು ಅದು. ಶಾಲೆಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ಮನೆಯಲ್ಲಿ ಮಾತ್ರ ಕನ್ನಡ ಆಡುತ್ತಿದ್ದ ನಮಗೆ ಗ್ರಂಥಭಾಷೆಯ ಕನ್ನಡ ಕಿವಿಗೆ ಬೀಳುತ್ತಿದ್ದುದು ಆ ಕೊನೆಯ ಯಾಮದಲ್ಲಿ. ಕನ್ನಡ ಕೇಳಬೇಕೆಂದರೆ ಎಚ್ಚರವಿರಲೇಬೇಕಾಗಿತ್ತು.

ಎಚ್ಚರವಿರಲು ಜನ ಕಂಡುಕೊಂಡ ಉಪಾಯಗಳು ಹಲವು. ಉಪವಾಸ ಸ್ವತಃ ಒಂದು ಉಪಾಯ; ಹೊಟ್ಟೆ ತುಂಬಿದವನಿಗೆ ತೂಕಡಿಕೆ ಬೇಗ. ಹುರಿದ ಶೇಂಗಾ ಮಡಿಲಲ್ಲಿ ಕಟ್ಟಿಕೊಂಡು ಒಂದೊಂದೇ ಸುಲಿಯುತ್ತಿದ್ದರೆ ಕೈಗೆ ಕೆಲಸ, ಬಾಯಿಗೆ ಕೆಲಸ. ಪ್ರತಿ ವಿರಾಮಕ್ಕೂ ಚಹಾ, ಹೊರಗಿನ ತೊಟ್ಟಿಯ ತಣ್ಣೀರಿನಿಂದ ಮುಖ ತೊಳೆಯುವುದು. ಚಿಕ್ಕವರು ತಾಯಂದಿರ ತೊಡೆಯ ಮೇಲೆ ಮಲಗಿ, ಯುದ್ಧ ಬಂದಾಗ ಎಬ್ಬಿಸಬೇಕೆಂದು ಮಾತು ಪಡೆಯುತ್ತಿದ್ದರು. ಎಬ್ಬಿಸಲಿಲ್ಲವೆಂದು ಬೆಳಿಗ್ಗೆ ಅತ್ತವರಲ್ಲಿ ನಾವೂ ಇದ್ದೇವೆ.

ಎಲ್ಲಕ್ಕಿಂತ ದೊಡ್ಡ ಉಪಕಾರ ಮಾಡಿದ್ದು ಆ ಒಂಟಿ ಯಂತ್ರ. ರೀಲು ಮುಗಿದಾಗಲೆಲ್ಲ ದೀಪ ಹೊತ್ತುತ್ತಿತ್ತು, ಜನ ಮೈಮುರಿದು ಪಕ್ಕದವರೊಡನೆ ಮಾತಾಡುತ್ತಿದ್ದರು, ರೀಲು ಹರಿದರೆ ಶಿಳ್ಳೆ ಹಾಕುತ್ತಿದ್ದರು. ಎರಡು ಯಂತ್ರಗಳ ಚಿತ್ರಮಂದಿರ ಬಂದು ಚಿತ್ರ ತಡೆಯಿಲ್ಲದೆ ಓಡತೊಡಗಿದ ಮೇಲೆ ನಿದ್ದೆ ಹೋಗುವವರ ಸಂಖ್ಯೆ ಹೆಚ್ಚಿತೆಂದು ಹಿರಿಯರು ಹೇಳುತ್ತಿದ್ದರು. ಇನ್ನು ಯಂತ್ರದ ಹಿಂದೆ ನಿಂತ ಆಪರೇಟರ್‌ಗೆ ಕಣ್ಣು ಮಿಟುಕಿಸುವ ಅವಕಾಶವೂ ಕಡಿಮೆ. ಅಂದಿನ ಬೆಳಕು ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತುವ ವಿದ್ಯುತ್ ಜ್ವಾಲೆ. ಕಡ್ಡಿಗಳು ಉರಿದು ಸವೆದಂತೆ ಅಂತರ ಹೆಚ್ಚುತ್ತದೆ. ತಿರುಗಣಿ ತಿರುಗಿಸಿ ಅವನ್ನು ಸಮೀಪಕ್ಕೆ ತರುತ್ತಲೇ ಇರಬೇಕು. ಆತ ಅರೆಗಳಿಗೆ ತೂಕಡಿಸಿದರೆ ಪರದೆ ಮಂಕಾಗಿ ಊರಿಗೆ ಊರೇ ಕೂಗುತ್ತಿತ್ತು. ಆ ರಾತ್ರಿಯ ನಿಜವಾದ ಜಾಗರಣೆ ಅವನದು.

ಸಿನಿಮಾ ನೋಡುತ್ತ ಎಚ್ಚರವಿದ್ದರೆ ಅದು ಜಾಗರಣೆಯೇ? ಈ ವಾದ ಪ್ರತಿ ಮನೆಯಲ್ಲೂ ಏಳುತ್ತಿತ್ತು. ಹೇಮಾವತಿಯ ನೊಳಂಬರ ಕಾಲದ ಗುಡಿಯ ಮುಂದೆ ಕುಳಿತು ಭಜನೆ ಮಾಡುವುದನ್ನು ಬಿಟ್ಟು ಟೆಂಟಿಗೆ ಹೋಗುವುದೇ ಎಂದು ಅಜ್ಜಂದಿರು ಗದರುತ್ತಿದ್ದರು. ಶಿವರಾತ್ರಿಯ ಕಥೆಯಲ್ಲೇ ಅದಕ್ಕೆ ಉತ್ತರವಿತ್ತು. ಕಾಡುಮೃಗಕ್ಕೆ ಹೆದರಿ ಮರವೇರಿದ ಬೇಡ, ನಿದ್ದೆ ಬಾರದಿರಲೆಂದು ಎಲೆ ಕಿತ್ತು ಕೆಳಗೆ ಹಾಕುತ್ತ ಕುಳಿತ. ಮರ ಬಿಲ್ವವೆಂದಾಗಲಿ ಕೆಳಗೆ ಲಿಂಗವಿದೆಯೆಂದಾಗಲಿ ಅವನಿಗೆ ತಿಳಿದಿರಲಿಲ್ಲ. ಶಿವ ಆ ಎಚ್ಚರವನ್ನೂ ಪೂಜೆಯೆಂದೇ ಸ್ವೀಕರಿಸಿದ. ಬೇಡನಿಗಿದ್ದ ರಿಯಾಯಿತಿ ನಮಗಿಲ್ಲವೇ ಎಂದರೆ ಅಜ್ಜಂದಿರು ಸುಮ್ಮನಾಗುತ್ತಿದ್ದರು. ಒಮ್ಮೊಮ್ಮೆ ‘ಕಣ್ಣಪ್ಪ’ ಹಾಕಿದ್ದಾರೆಂದು ತಿಳಿದರೆ ತಾವೇ ಹೊದಿಕೆ ಹೆಗಲಿಗೇರಿಸಿ ಹೊರಡುತ್ತಿದ್ದರು.

1980ರ ದಶಕದಲ್ಲಿ ವಿಸಿಆರ್ ಬಂತು. ಓಣಿಯವರು ಚಂದಾ ಎತ್ತಿ ಟಿವಿ, ವಿಸಿಆರ್ ಮತ್ತು ಮೂರು ನಾಲ್ಕು ಕ್ಯಾಸೆಟ್ ಬಾಡಿಗೆಗೆ ತಂದು ಬೀದಿಯಲ್ಲೇ ಇಡುತ್ತಿದ್ದರು. ಒಂದು ಕ್ಯಾಸೆಟ್ಟಿಗೆ 180 ನಿಮಿಷ; ಮತ್ತೆ ಅದೇ ಯಾಮದ ಅಳತೆ. ಈಗ ಆಯ್ಕೆ ಓಣಿಯವರ ಕೈಯಲ್ಲಿತ್ತು. ಒಂದಾದರೂ ಕನ್ನಡದ್ದಿರಲಿ ಎಂದು ಹಟ ಹಿಡಿದವರು ಹೆಚ್ಚಾಗಿ ಹೆಂಗಸರು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು. ಅದನ್ನು ಮೊದಲು ಹಾಕಿ ಎಂದು ಕೇಳಿ, ನಡುರಾತ್ರಿಗೆ ಮುನ್ನವೇ ಕನ್ನಡ ಚಿತ್ರವನ್ನು ಕಂಡ ಮೊದಲ ಶಿವರಾತ್ರಿಯನ್ನು ನಾವು ಮರೆತಿಲ್ಲ. ತೆಲುಗು ಮನೆಗಳವರೂ ನಮ್ಮೊಡನೆ ಕುಳಿತು ನೋಡಿದರು, ನಮ್ಮಷ್ಟೇ ನಕ್ಕರು.

ಇಂದು ಟೆಂಟುಗಳಿಲ್ಲ, ಕಾರ್ಬನ್ ಕಡ್ಡಿಯನ್ನು ಮಕ್ಕಳು ಕಂಡಿಲ್ಲ. ಯಕ್ಷಗಾನದ ಹಲವು ಮೇಳಗಳೂ ಕಾಲಮಿತಿಗೆ ಒಗ್ಗಿವೆ. ರಾತ್ರಿ 10ರ ನಂತರದ ಧ್ವನಿವರ್ಧಕದ ನಿರ್ಬಂಧವೂ ಅದಕ್ಕೆ ಒಂದು ಕಾರಣ. ಶಿವರಾತ್ರಿಯಂದು ನಮ್ಮ ಮನೆಗಳ ಯುವಕರು ಈಗಲೂ ಎಚ್ಚರವಿರುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ, ಒಂದೊಂದು ಫೋನಿನ ಮುಂದೆ. ಅವರಿಗೆ ಬೇಕಾದ ಕನ್ನಡ ಚಿತ್ರ ಯಾವ ಗಳಿಗೆಯಲ್ಲಿ ಬೇಕಾದರೂ ಸಿಗುತ್ತದೆ. ನಮಗೆ ಸಿಗುತ್ತಿದ್ದುದು ವರ್ಷಕ್ಕೊಂದು, ಅದೂ ಬೆಳಗಿನ ಜಾವಕ್ಕೆ. ಆದರೂ ಅದರ ಮಾತುಗಳು ಓಣಿಯ ಬಾಯಲ್ಲಿ ಮುಂದಿನ ಶಿವರಾತ್ರಿಯವರೆಗೆ ಉಳಿಯುತ್ತಿದ್ದವು. ತೂಕಡಿಸುವವನನ್ನು ತಿವಿದು ಎಬ್ಬಿಸುವ ಪಕ್ಕದವನೊಬ್ಬ ಅಂದು ಇದ್ದ.

ಆದ್ದರಿಂದ ಸಂಘದ ಮುಂದೆ ಒಂದು ಕೋರಿಕೆಯನ್ನಿಟ್ಟು ಈ ಬರಹವನ್ನು ಮುಗಿಸುತ್ತೇವೆ. ಬರುವ ಶಿವರಾತ್ರಿಗೆ ನಮ್ಮ ಸಭಾಂಗಣದಲ್ಲಿ ಧ್ವನಿಯನ್ನು ನಾಲ್ಕು ಗೋಡೆಯೊಳಗೆ ಇರಿಸಿ, ಮೂರು ಚಿತ್ರಗಳನ್ನು ತೋರಿಸೋಣ. ಕಣ್ಣಪ್ಪನ ಕಥೆ ಎರಡೂ ಭಾಷೆಗಳಲ್ಲಿರಲಿ. ನಡುವೆ ಬೇಕೆಂದೇ ದೀಪ ಹಾಕಿ ನಿಲ್ಲಿಸೋಣ. ಆ ಹೊತ್ತಿನಲ್ಲಿ ಹಿರಿಯರು ಟೆಂಟಿನ ಕಥೆ ಹೇಳಲಿ, ಮಕ್ಕಳು ಅದನ್ನು ಬರೆದುಕೊಳ್ಳಲಿ. ಮನೆಯ ಪೆಟ್ಟಿಗೆಗಳಲ್ಲಿ ಹಳೆಯ ಟಿಕೆಟ್, ಕರಪತ್ರಗಳಿದ್ದರೆ ತನ್ನಿರಿ. ಶೇಂಗಾ ನಮ್ಮ ಹೊಲದ್ದು ಇದ್ದೇ ಇದೆ.