ಕಾವಲಿನ ಹುಲ್ಲು ಮತ್ತು ಕುರಿಗಾಹಿಯ ವಿದ್ಯೆ

ಜನಾಂಗ, ಜಾತಿಗಳ ತಾರತಮ್ಯವನ್ನು ಪೋಷಿಸುವುದು ಸಂಪತ್ತಿನ ಅಸಮ ಹಂಚಿಕೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಚರಿತ್ರೆಯಲ್ಲಿ ನಾವು ಇದನ್ನೇ ಕಾಣುತ್ತೇವೆ.

ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ 'ಅಮೃತ್ ಮಹಲ್' ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನರು. ಆ ರಾಸುಗಳಿಗೆ ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳೇ ನಾಯಕ, ಕಾಡುಗೊಲ್ಲ ಮುಂತಾದ ಸಮುದಾಯಗಳ ಕುರಿ-ದನಗಳನ್ನೂ ಸಾಕಿದವು. ಅಕ್ಷರ ದಕ್ಕದವರಿಗೆ ಆ ಹುಲ್ಲೇ ಬಂಡವಾಳವಾಗಿತ್ತು.

1991ರಲ್ಲಿ ನಾಯಕರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮೀಸಲಾತಿಯ ಬಾಗಿಲು ತೆರೆಯಿತು. ಆದರೆ 2010ರ ಸುಮಾರಿಗೆ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ಉನ್ನತ ವಿದ್ಯೆ ಊರಿನ ಬಳಿಗೇ ಬಂದಿತು. ಮಕ್ಕಳನ್ನು ಓದಿಸಬೇಕಾದ ಕುರಿಗಾಹಿಯ ಆದಾಯ ಗೋಡೆಯಾಚೆ ಉಳಿಯಿತು.

ನೀರು, ಮೇವು, ಬೆಂಕಿಗಳಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿ(ಸ)ಯವರು ಬೋಧಿಸಿದರು. ಜೀವನಾಧಾರವನ್ನು ಕಸಿದುಕೊಂಡು ಶಾಲೆಯ ಬಾಗಿಲನ್ನಷ್ಟೇ ತೆರೆದರೆ ನ್ಯಾಯ ಪೂರ್ಣವಾಗದೆಂಬುದನ್ನು ನಾವು ಮರೆಯಬಾರದು.